ನಂದಾ ನಿಂತ ಎತ್ತರ

ಪಿಸ್ಕಾಟವೇಯ ಆ ಟೌನ್‌ಹೌಸಿನಲ್ಲಿ ಹೊಸ ಟಿವಿಯ ಪೆಟ್ಟಿಗೆ ಊಟದ ಮೇಜಿಗೆ ಒರಗಿ ನಿಂತು ತಿಂಗಳಾಗುತ್ತ ಬಂದಿತ್ತು. ಅದನ್ನು ಗೋಡೆಗೆ ಹಾಕುವ ಮೌಂಟ್ ಯಾವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ರಾಜಶೇಖರ ರಿಸರ್ಚ್ ಮಾಡುತ್ತಿದ್ದ. ಮನೆಗೆ ಬರುವ ಯಾವುದೇ ವಸ್ತುವಿನ ರಿಸರ್ಚ್ ಅವನ ಪಾಲಿನ ಮನೆಗೆಲಸ. ವಸ್ತು ಬಂದ ಮೇಲಿನದ್ದು ಅವನ ಹೆಂಡತಿ ನಂದಾಳದ್ದು. ಶನಿವಾರ ವ್ಯಾಕ್ಯೂಮ್ ಮಾಡುವಾಗಲೆಲ್ಲ ಅವಳು ಪೆಟ್ಟಿಗೆಯನ್ನು ಮಂಡಿಯಿಂದ ತಳ್ಳಿ, ಹಿಂದಿನ ದೂಳು ತೆಗೆದು, ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದಳು.

ನಂದಾ ಗದಗಿನವಳು. ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಹೊಸ ಪಂಪೋ ಮೀಟರೋ ಆಸ್ಪತ್ರೆಗೆ ಹೋಗುವ ಮೊದಲು ಅದನ್ನು ಬಳಸಿ ನೋಡುವ ಪರೀಕ್ಷೆಗಳನ್ನು ರೂಪಿಸುವುದು ಅವಳ ಕೆಲಸ. ಬಳಸುವವರು ಮಲಗಿರುತ್ತಾರೋ ನಡೆಯುತ್ತಿರುತ್ತಾರೋ, ಕೈ ನಡುಗುತ್ತದೋ, ಕನ್ನಡಕ ಎಲ್ಲಿಟ್ಟಿದ್ದಾರೆಂದು ಮರೆತಿದ್ದಾರೋ, ಎಲ್ಲವನ್ನೂ ಕೇಳಿಕೊಳ್ಳಬೇಕು. ಆಫೀಸಿನಲ್ಲಿ ಕಿರಿಯರು ಅವಳ ಪ್ರಶ್ನೆಗಳಿಗೆ ಹೆದರುತ್ತಾರೆ.

ಟಿವಿ ಕೊಂಡದ್ದು ಆಟಕ್ಕೆ. ರಾಜಶೇಖರ ಮತ್ತು ಅವನ ಗೆಳೆಯ ಸುಬ್ಬು ಶನಿವಾರಗಳಂದು ಕಾರ್ ರೇಸ್ ಆಡುತ್ತಾರೆ. ಇಬ್ಬರೂ ಟೆಲಿಕಾಂ ಕಂಪನಿಯಲ್ಲಿ ಜೊತೆಗೆ ಇದ್ದವರು. ನಂದಾ ಕೂಡ ಆಡುತ್ತಾಳೆಂಬುದನ್ನು ಹೊರಗಿನವರು ನಂಬುವುದಿಲ್ಲ. ಮಗಳು ಮಾಳವಿಕಾ ಬಫಲೋಗೆ ಓದಲು ಹೋದ ಮೇಲೆ ಫೋನಿನ ಮಾತು ಊಟ ಆಯಿತಾ ಎಂಬಲ್ಲಿಗೆ ನಿಂತುಹೋಗುತ್ತಿತ್ತು. ಆಗ ಮಗಳೇ ಅಮ್ಮನ ಕೈಗೆ ಕಂಟ್ರೋಲರ್ ಕೊಟ್ಟು ಒಂದು ಆಟ ಕಲಿಸಿದಳು. ಇಬ್ಬರು ಸೇರಿ ಒಂದು ದೋಣಿ ನಡೆಸುವ ಆಟ. ಮಗಳು ಚುಕ್ಕಾಣಿ ಹಿಡಿಯುತ್ತಾಳೆ. ನಂದಾ ಮುಂದೆ ನಿಂತು ಲಾಂದ್ರ ತೋರಿಸಿ ಬಂಡೆ ಎಲ್ಲಿದೆಯೆಂದು ಹೇಳಬೇಕು. ಭಾನುವಾರ ಮಧ್ಯಾಹ್ನ ಇಬ್ಬರೂ ದೋಣಿಯಲ್ಲಿದ್ದಾಗ ಮಾಳವಿಕಾ ರೂಮ್‌ಮೇಟ್ ಬಗ್ಗೆ, ಕೈಕೊಟ್ಟ ಪರೀಕ್ಷೆಯ ಬಗ್ಗೆ, ಒಬ್ಬ ಹುಡುಗನ ಬಗ್ಗೆಯೂ ಮಾತಾಡಿದ್ದಳು. ಬಂಡೆ ನೋಡುತ್ತ ಆಡಿದ ಆ ಮಾತುಗಳು ಫೋನಿನಲ್ಲಿ ಎಂದೂ ಬರುತ್ತಿರಲಿಲ್ಲ.

ಈಗ ಉಳಿದಿದ್ದದ್ದು ಕೊನೆಯ ಹಂತ, ನದಿ ಸಮುದ್ರ ಸೇರುವ ಜಾಗ. ದಾಟಲು ಒಂದು ಗಂಟೆಯ ಹತ್ತಿರ ಬೇಕು, ನಡುವೆ ನಿಲ್ಲಿಸುವಂತಿಲ್ಲ. ಪ್ರತಿ ಸಲವೂ ಅರ್ಧ ದಾರಿಯಲ್ಲಿ ಕುಕ್ಕರ್ ಕೂಗುತ್ತಿತ್ತು, ಡ್ರೈಯರ್ ನಿಲ್ಲುತ್ತಿತ್ತು, ಅಥವಾ ರಾಜಶೇಖರನಿಗೆ ಉಪ್ಪಿನಕಾಯಿ ಸಿಗುತ್ತಿರಲಿಲ್ಲ. ದೋಣಿ ಮುಳುಗುತ್ತಿತ್ತು. ಸೆಮಿಸ್ಟರ್ ಮುಗಿದರೆ ಮಾಳವಿಕಾ ಇಂಟರ್ನ್‌ಶಿಪ್‌ಗೆಂದು ಸಿಯಾಟಲ್‌ಗೆ ಹೋಗುತ್ತಾಳೆ. ಆಮೇಲೆ ಭಾನುವಾರಗಳು ಅವಳವು. ಅಷ್ಟರೊಳಗೆ ಒಮ್ಮೆಯಾದರೂ ದಾಟಬೇಕೆಂದು ನಂದಾಳಿಗಿತ್ತು.

"ನಂದಾ, ಬಾ ಇಲ್ಲಿ," ಎಂದು ರಾಜಶೇಖರ ಒಂದು ಸಂಜೆ ಲ್ಯಾಪ್‌ಟಾಪ್ ತಿರುಗಿಸಿದ. "ಮೂರು ಥರಾ ಅದಾವ. ಒಂದು ಗ್ವಾಡಿಗೆ ಅಂಟಿಕೊಂಡು ಸುಮ್ನ ಕೂಡೂದು. ಇನ್ನೊಂದು ಬರೇ ಕೆಳಗ ಬಾಗೂದು. ಈ ಮೂರನೇದು ನೋಡು, ಫುಲ್ ಮೋಷನ್. ಮನಷ್ಯಾರ ತೋಳಿದ್ದಂಗ. ಹೊರಗ ಎಳಿ, ಎಡಕ್ಕ ಬಲಕ್ಕ ತಿರಗಸು."

"ನಮಗ್ಯಾಕ್ರೀ ಅಷ್ಟೆಲ್ಲಾ? ಸೋಫಾ ಒಂದ ಕಡೆ ಐತಿ."

"ನಿನ್ನ ಸಲುವಾಗಿನ. ಅಡಿಗಿಮನಿ ಕಡೆ ತಿರಗಿಸಿದ್ರ ನೀ ರೊಟ್ಟಿ ಬಡಕೋತ ಮಗಳ ಜೋಡಿ ಆಡಬಹುದು. ಎರಡೂ ಆತು."

ಅವನ ದನಿಯಲ್ಲಿ ಕಪಟವಿರಲಿಲ್ಲ. ಮೂರು ವಾರ ರಿವ್ಯೂ ನೋಡಿ, ತೂಕ ಲೆಕ್ಕ ಹಾಕಿ, ಎಲ್ಲಕ್ಕಿಂತ ದುಬಾರಿಯದನ್ನು ಅವಳಿಗೆಂದೇ ಆರಿಸಿದ್ದ. ನಂದಾಳಿಗೆ ಖುಷಿಯೇ ಆಯಿತು. ಆರ್ಡರ್ ಮಾಡಿ ಅಂದಳು.

ಮುಂದಿನ ಶನಿವಾರ ಸುಬ್ಬು ಡ್ರಿಲ್ ತಂದ. ಅವನು ಮೈಸೂರಿನವನು, ಬಾಗಿಲಲ್ಲೇ ಮೂಗು ಅರಳಿಸಿದ. "ಅತ್ತಿಗೆ, ಎಣಗಾಯಿ ತಾನೇ? ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹೇಳ್ಬಿಡ್ತೀನಿ."

"ಮೊದ್ಲ ಟಿವಿ ಏರಸ್ರಿ. ಆಮ್ಯಾಲ ಬಿಸಿ ರೊಟ್ಟಿ," ಎಂದಳು ನಂದಾ.

ಪರದೆಯ ನಡುಭಾಗ ನೋಡುವವರ ಕಣ್ಣಿನ ನೇರಕ್ಕಿರಬೇಕೆಂದು ಸುಬ್ಬು ಓದಿಕೊಂಡು ಬಂದಿದ್ದ. ರಾಜಶೇಖರ ಸೋಫಾದ ಮೇಲೆ ಕೂತ. ಸುಬ್ಬು ಅವನ ಕಣ್ಣಿನ ಎತ್ತರ ಅಳೆದು ಗೋಡೆಯ ಮೇಲೆ ನೀಲಿ ಟೇಪಿನ ತುಂಡು ಅಂಟಿಸಿದ. ಆಮೇಲೆ ಸುಬ್ಬು ಕೂತ. ಅವನದೂ ಒಂದು ತುಂಡು ಬಿತ್ತು, ಒಂದೆರಡು ಬೆರಳಿನ ವ್ಯತ್ಯಾಸ ಅಷ್ಟೇ.

"ನಂದಾ, ಈಗ ನಿಂದು."

ನಂದಾಳ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅವಳು ಒಲೆಯ ಮುಂದೆ ನೆಟ್ಟಗೆ ನಿಂತು, ಹಣೆಯ ಕೂದಲನ್ನು ಮೊಣಕೈಯಿಂದ ಸರಿಸಿ, ಕೌಂಟರಿನ ಮೇಲಿಂದ ಗೋಡೆಯನ್ನು ನೋಡಿದಳು. "ಹೂಂ, ಅಳೀರಿ."

ಅವಳ ತುಂಡು ಉಳಿದೆರಡಕ್ಕಿಂತ ಎರಡು ಗೇಣು ಮೇಲೆ ಬಿತ್ತು.

"ಏನ್ ಅತ್ತಿಗೆ, ಒಂದೇ ದಿನದಲ್ಲಿ ನಮ್ಮಿಬ್ಬರಿಗಿಂತ ಎತ್ತರ ಆಗ್ಬಿಟ್ರಲ್ಲ!" ಎಂದು ಸುಬ್ಬು ನಕ್ಕ. ರಾಜಶೇಖರ ನಕ್ಕ. ನಂದಾಳೂ ನಕ್ಕಳು.

"ಮ್ಯಾಲಿನ ಗುರ್ತಿಗೇ ಹಾಕೋಣು. ನಮಗ ಬೇಕಂದ್ರ ಕೆಳಗ ಬಾಗಿಸ್ಕೋಬಹುದು," ಎಂದ ರಾಜಶೇಖರ. "ಆಕೀಗೆ ಅನುಕೂಲ ಆಗ್ಲಿ."

ಯಾರೂ ಅವಳಿಗೆ ನಿಂತುಕೋ ಎಂದಿರಲಿಲ್ಲ. ಬಂದು ಕೂತುಕೋ ಎಂದೂ ಅನ್ನಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಗೋಡೆಯೊಳಗಿನ ಮರದ ಪಟ್ಟಿ ಹುಡುಕಿ, ದಪ್ಪ ಬೋಲ್ಟುಗಳಿಗೆ ತೂತು ಕೊರೆದು, ಮೌಂಟ್ ಬಿಗಿದು, ಇಬ್ಬರೂ ಉಸಿರು ಹಿಡಿದು ಟಿವಿ ಏರಿಸಿದರು. ಎಳೆದರೆ ತೋಳು ಸದ್ದಿಲ್ಲದೆ ಬಂದು ಅಡುಗೆಮನೆಯತ್ತ ತಿರುಗಿತು. ಚಪ್ಪಾಳೆಯಾಯಿತು. ಆಮೇಲೆ ಅವರು ಕಾರು ಓಡಿಸಿದರು. ನಂದಾ ರೊಟ್ಟಿ ಬಡಿದಳು. ಆ ಮನೆಯಲ್ಲಿ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಹೋಗುತ್ತದೆ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಬಡಿಯುವವಳ ರೊಟ್ಟಿ ಎಲ್ಲರದಾದ ಮೇಲೆ. ಅವಳ ಊಟವಾದ ಮೇಲೆ ಗೋಡೆಯ ಬುಡದಲ್ಲಿ ಬಿದ್ದಿದ್ದ ಬಿಳಿ ಪುಡಿಯನ್ನೂ ಗುಡಿಸಿದಳು.

ಭಾನುವಾರ ಟಿವಿಯನ್ನು ತನ್ನತ್ತ ತಿರುಗಿಸಿಕೊಂಡು, ಹೆಡ್‌ಸೆಟ್ ಹಾಕಿಕೊಂಡು, ಒಲೆಯ ಮುಂದೆ ಕಂಟ್ರೋಲರ್ ಹಿಡಿದು ನಿಂತಳು.

"ಹಾಯ್ ಅಮ್ಮಾ! ಟುಡೇ ವಿ ಆರ್ ಕ್ರಾಸಿಂಗ್, ಓಕೆ?" ಎಂದಳು ಮಾಳವಿಕಾ.

ಆಟ ಚೆನ್ನಾಗಿಯೇ ಹೊರಟಿತು. ಪರದೆ ದೊಡ್ಡದಾದ್ದರಿಂದ ಬಂಡೆಗಳು ದೂರದಿಂದಲೇ ಕಾಣುತ್ತಿದ್ದವು. ನಂದಾ ಎಡಗೈಯಲ್ಲಿ ರೊಟ್ಟಿ ತಿರುವಿ, ಬಲಗೈಯಲ್ಲಿ ಲಾಂದ್ರ ಎತ್ತಿದಳು. ಊಟದ ಮೇಜಿನಿಂದ ರಾಜಶೇಖರ ಕೂಗಿದ, "ಇನ್ನೊಂದ್ ಬಿಸೀದು ಹಾಕ್ತೀಯೇನು?" ಅವಳು ಕಂಟ್ರೋಲರ್ ಇಟ್ಟು ರೊಟ್ಟಿ ಒಯ್ದು ಬಂದಳು. ಅಷ್ಟರಲ್ಲಿ ದೋಣಿ ಬಂಡೆಗೆ ಬಡಿದಿತ್ತು.

"ಅಮ್ಮಾ! ವೇರ್ ಡಿಡ್ ಯು ಗೋ?"

"ಎಲ್ಲೂ ಹೋಗಿಲ್ಲವ್ವಾ, ಇಲ್ಲೇ ಅದೀನಿ."

"ನೋ. ಯು ಲೆಫ್ಟ್. ಲ್ಯಾಂಪ್ ಆಫ್ ಆಯ್ತು." ಮಾಳವಿಕಾ ಕಿವಿಗೊಟ್ಟಳು. "ಎಕ್ಸಾಸ್ಟ್ ಫ್ಯಾನ್ ಕೇಳಿಸ್ತಿದೆ. ಆರ್ ಯು ಸ್ಟ್ಯಾಂಡಿಂಗ್? ಆ ಬಿಗ್ ಟಿವಿ ಇಟ್ಕೊಂಡು ಯು ಆರ್ ಸ್ಟ್ಯಾಂಡಿಂಗ್?"

ನಂದಾ ಫ್ಯಾನ್ ಆರಿಸಿದಳು.

"ನೆಕ್ಸ್ಟ್ ಸಂಡೇ ಈಸ್ ದ ಲಾಸ್ಟ್ ಒನ್, ಅಮ್ಮಾ. ಆಮೇಲೆ ಐ ಹ್ಯಾವ್ ಟು ಪ್ಯಾಕ್."

ನಂದಾ ಒಲೆ ಆರಿಸಿ ಸೋಫಾಕ್ಕೆ ಹೋಗಿ ಕೂತಳು. ಅಲ್ಲಿಂದ ಟಿವಿಯ ಅಂಚು ಮಾತ್ರ ಕಾಣುತ್ತಿತ್ತು. ಎದ್ದು ಅದನ್ನು ಗೋಡೆಗೆ ತಳ್ಳಿ ಮತ್ತೆ ಕೂತಳು. ಗದ್ದ ಎತ್ತಿ ನೋಡಬೇಕಾಯಿತು. ಪಕ್ಕದಲ್ಲಿ ನೀಲಿ ಟೇಪಿನ ಮೂರು ತುಂಡುಗಳು ಇನ್ನೂ ಇದ್ದವು, ಕೆಳಗೆ ಎರಡು, ಮೇಲೆ ಒಂದು. ಬಳಸುವವರು ಕೂತಿರುತ್ತಾರೋ ನಿಂತಿರುತ್ತಾರೋ ಎಂಬುದು ಆಫೀಸಿನಲ್ಲಿ ಅವಳು ಕೇಳುವ ಮೊದಲ ಪ್ರಶ್ನೆ. ನಿನ್ನೆ ಅದನ್ನು ಅವಳು ಕೇಳಿರಲಿಲ್ಲ. ಹಿಟ್ಟಿನ ಕೈಯಲ್ಲೇ ಒಲೆಯ ಮುಂದೆ ನೆಟ್ಟಗೆ ನಿಂತಿದ್ದಳು.

"ರೀ, ಇದನ್ನ ಇಳಸ್ರಿ."

"ಏನನ್ನ?"

"ಈ ಮೌಂಟ್ ಬ್ಯಾಡ. ಬ್ಯಾರೇದು ತರೋಣು."

ರಾಜಶೇಖರ ರೊಟ್ಟಿ ಹಿಡಿದ ಕೈಯಲ್ಲೇ ಎದ್ದು ಬಂದ. "ತೂತ ಕೊರದಾಗೇತಿ! ನಿನ್ನ ಸಲುವಾಗೇ ಅಲ್ಲೇನ ತಿರಗೂದು ತಂದದ್ದು?"

"ನಾ ಅಡಿಗಿ ಮಾಡೂದಕ್ಕ ಅನುಕೂಲ ಆಗೂಹಂಗ ತಂದ್ರಿ. ಹೌದಿಲ್ಲೋ? ನನಗ ಆಟ ಆಡೂದೈತಿ."

"ಅಡಿಗಿ ಮಾಡ್ಕೋತ ಆಡಿದ್ರ ಏನಾಗ್ತದ?"

"ದೋಣಿ ಮುಳಗ್ತದ. ಈಗ ನೋಡಿದ್ರಲ್ಲಾ. ನೀವು ಕಾರ್ ಓಡಸೂ ಮುಂದ ಒಂದ್ ಕೈಯಾಗ ರೊಟ್ಟಿ ತಿರುವ್ತೀರೇನು?"

ಅವನು ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡ.

ಮರುದಿನ ಇಬ್ಬರೂ ಮೌಂಟನ್ನು ಪೆಟ್ಟಿಗೆಗೆ ತುಂಬಿ ಅಂಗಡಿಗೆ ಹೋದರು. ಕೌಂಟರಿನ ಹುಡುಗಿ ವಾಪಸ್ ಕೊಡುವ ಕಾರಣವೇನೆಂದು ಕೇಳಿದಳು. ರಾಜಶೇಖರ "ಡಿಫೆಕ್ಟ್" ಎಂದು ಶುರುಮಾಡಿದ.

"ನೋ ಡಿಫೆಕ್ಟ್," ಎಂದಳು ನಂದಾ. "ಇಟ್ ಟರ್ನ್ಸ್ ಟುವರ್ಡ್ ದ ಕಿಚನ್."

ಹುಡುಗಿ ಅವಳ ಮುಖ ನೋಡಿ, ಒಂದು ಕ್ಷಣ ಬಿಟ್ಟು ನಕ್ಕು, ಏನೋ ಒತ್ತಿ ರಸೀದಿ ಕೊಟ್ಟಳು.

ಈ ಸಲ ರಿಸರ್ಚ್ ಇರಲಿಲ್ಲ. ಟಿವಿಯ ತೂಕ ಹೊರುತ್ತದೆಯೇ, ಬೆನ್ನಿನ ತೂತುಗಳಿಗೆ ಹೊಂದುತ್ತದೆಯೇ ಎಂದಷ್ಟೇ ಓದಿ ನಂದಾ ಒಂದನ್ನು ಬುಟ್ಟಿಗೆ ಹಾಕಿದಳು.

"ಇದು ಬರೇ ಬಾಗತೈತಿ," ಎಂದ ರಾಜಶೇಖರ. "ಯಾ ಕಡೀಗೂ ತಿರಗೂದಿಲ್ಲ."

"ಅದಕ್ಕ ತಗೊಂಡದ್ದು."

ಸಂಜೆ ಅವಳು ಸೋಫಾದ ಮೇಲೆ ಕೂತಳು. ಅವನು ಟೇಪು ಹಿಡಿದು ಅಳೆಯಲು ಬಗ್ಗಿದವನು ಹಾಗೇ ನಿಂತ. "ಸರಿಯಾಗಿ ಕೂಡು."

"ಕೂತೇನಿ."

"ತುದೀಗೆ ಕೂತೀಯಲ್ಲ. ಈಗ ಏಳೂವ್ರಂಗ."

ನಂದಾ ನೋಡಿಕೊಂಡಳು. ಹೌದು, ಸೋಫಾದ ಅಂಚಿನಲ್ಲಿದ್ದಳು, ಒಂದು ಹಿಮ್ಮಡಿ ಮೇಲೆದ್ದಿತ್ತು. ಆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಸೋಫಾದ ಬೆನ್ನು ಎಷ್ಟು ಹಿಂದಿದೆಯೆಂದು ಅವಳು ಕೈಯಿಂದ ಮುಟ್ಟಿ ನೋಡಬೇಕಾಯಿತು. ಹಿಂದಕ್ಕೆ ಸರಿದು ಒರಗಿದಳು. ಕಣ್ಣು ಇನ್ನೂ ಮೂರು ಬೆರಳು ಕೆಳಗಿಳಿಯಿತು. ರಾಜಶೇಖರ ಅಲ್ಲಿಗೇ ಟೇಪು ಅಂಟಿಸಿದ. ಅವನದಕ್ಕಿಂತಲೂ, ಸುಬ್ಬುವಿನದಕ್ಕಿಂತಲೂ ಕೆಳಗೆ. ಸುಬ್ಬು ಬಿಟ್ಟುಹೋಗಿದ್ದ ಡ್ರಿಲ್‌ನಿಂದ ಆ ಗುರುತಿಗೇ ಕೊರೆದ. ಪುಡಿ ಮತ್ತೆ ಬಿತ್ತು. ನಂದಾ ಒರಗಿಕೊಂಡೇ ಇದ್ದುದರಿಂದ ಅದನ್ನು ಅವನು ಗುಡಿಸಿದ, ಅರ್ಧಂಬರ್ಧ.

ಭಾನುವಾರದ ರೊಟ್ಟಿಯನ್ನು ನಂದಾ ಬೆಳಿಗ್ಗೆಯೇ ಬಡಿದು ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟಳು. ಕುಕ್ಕರಿಗೆ ಬೇಳೆ ಇಟ್ಟು, ಬಂದು ಹಿಂದಕ್ಕೆ ಒರಗಿ ಕೂತಳು.

"ರೆಡಿ?" ಎಂದಳು ಮಾಳವಿಕಾ.

ನದಿ ಅಗಲವಾಯಿತು. ಮಾಳವಿಕಾ ಸಿಯಾಟಲ್‌ನಲ್ಲಿ ಸಿಕ್ಕ ಕೋಣೆಯ ಬಗ್ಗೆ ಹೇಳುತ್ತಿದ್ದಳು. ನಂದಾ ನಡುನಡುವೆ "ಎಡಕ್ಕ, ಎಡಕ್ಕ" ಎನ್ನುತ್ತಿದ್ದಳು. ಕುಕ್ಕರ್ ಕೂಗಿತು. ಊಟದ ಮೇಜಿನಲ್ಲಿದ್ದ ರಾಜಶೇಖರ ಹೆಂಡತಿಯನ್ನು ನೋಡಿದ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಂದಾ, ಕುಕ್ಕರ್."

"ಕೇಳಿಸ್ತು."

ಎರಡನೆಯ ಸಲ ಕೂಗಿತು. ಅವನು ಎದ್ದ. "ಎಷ್ಟ ಸೀಟಿ?"

"ನಾಕು. ಆಮ್ಯಾಲ ಆರಸ್ರಿ. ಒಗ್ಗರಣಿಗೆ ಬಳ್ಳೊಳ್ಳಿ ಹಚ್ಚಿಟ್ಟಿಲ್ಲ, ನೀವ ಹಚ್ರಿ."

ಅವನು ಒಲೆಯ ಮುಂದೆ ನಿಂತು ಉಳಿದ ಸೀಟಿಗಳಿಗೆ ಕಾದ. ಕೌಂಟರಿನ ಆಚೆ ಟಿವಿಯ ಮೇಲಂಚು ಮಾತ್ರ ಕಾಣುತ್ತಿತ್ತು, ಆಟದ ಒಂದಿಷ್ಟು ಆಕಾಶ. "ಇಲ್ಲಿಂದ ಏನೂ ಕಾಣ್ಸೂದಿಲ್ಲಲ್ಲ," ಎಂದ.

"ಹೌದು," ಎಂದಳು ನಂದಾ. "ಮಾಳೂ, ಮುಂದ ದೊಡ್ಡದೊಂದು ಬಂಡೆ. ಬಲಕ್ಕ ತಗೋ."

ದೋಣಿಯ ಒಂದು ಹಲಗೆ ಕಿತ್ತುಹೋಯಿತು, ಲಾಂದ್ರದ ಗಾಜು ಒಡೆಯಿತು, ಆದರೂ ದಾಟಿತು. ಹೆಡ್‌ಸೆಟ್ಟಿನಲ್ಲಿ ಮಾಳವಿಕಾ ಕಿರುಚಿದ್ದು ಬೆಳ್ಳುಳ್ಳಿ ಹೆಚ್ಚುತ್ತಿದ್ದ ಅಪ್ಪನಿಗೂ ಕೇಳಿಸಿತು. ಬೇಳೆ ತುಸು ಹೆಚ್ಚೇ ಬೆಂದಿತ್ತು. ಒಗ್ಗರಣೆ ಕರಿದಾಗಿತ್ತು. ಎಲ್ಲರೂ ತಣ್ಣಗಿನ ರೊಟ್ಟಿ ತಿಂದರು, ಎಲ್ಲರೂ ಎಂದರೆ ಇಬ್ಬರೂ, ಒಂದೇ ಹೊತ್ತಿಗೆ.

ಟಿವಿಯ ಮೇಲೆ ಗೋಡೆಯಲ್ಲಿ ಹಳೆಯ ಬೋಲ್ಟುಗಳ ತೂತುಗಳು ಈಗಲೂ ಹಾಗೇ ಇವೆ. ಬಂದವರು ಕೇಳಿದರೆ, "ಅದು ನಾ ನಿಂತಾಗಿನ ಎತ್ತರ," ಎನ್ನುತ್ತಾಳೆ ನಂದಾ. ಅವುಗಳ ಮೇಲೆ ಚಿತ್ರ ತೂಗುಹಾಕಲು ಅವಳು ಹೋಗಿಲ್ಲ. ಅವುಗಳಿಗೆ ತುಂಬಲು ಯಾವ ಪುಟ್ಟಿ ಒಳ್ಳೆಯದೆಂದು ರಾಜಶೇಖರ ರಿಸರ್ಚ್ ಮಾಡುತ್ತಿದ್ದಾನೆ.