ಮಾಸ್ತರರ ದನಿ ಕಟ್ಟಿದ ಆಪಾ

ಆಪಾ ಅವರ ಎಡಗೈಯಲ್ಲಿ ಮಾತ್ರ ಮೆಹಂದಿ ಇರುತ್ತಿತ್ತು. ಬಲಗೈಯಿಂದ ತಾವೇ ಹಚ್ಚಿಕೊಳ್ಳುತ್ತಿದ್ದರು. ಬಲಗೈಗೆ ಹಚ್ಚಿಕೊಡಿ ಎಂದು ಇನ್ನೊಬ್ಬರನ್ನು ಕೇಳುವ ಸ್ವಭಾವ ಅವರದಲ್ಲ. ಕೀಬೋರ್ಡಿನ ಮೇಲೆ ಒಂದು ಕೈ ಕೆಂಪಗೆ, ಒಂದು ಕೈ ಬೋಳಾಗಿ ಓಡಾಡುವುದನ್ನು ನೋಡುತ್ತ ಕೂತರೆ ಇಬ್ಬರು ಹೆಂಗಸರು ಕೂಡಿ ಕೆಲಸ ಮಾಡುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಶಹಾಪುರದಲ್ಲಿ ಅವರ ಮನೆಯ ಮೇಲಿನ ಕೋಣೆಯೇ ನಮ್ಮ ಆಫೀಸು. ಕಿಟಕಿಯಾಚೆ ಮಲಗಿದ ಬುದ್ಧನ ಬೆಟ್ಟ. ಮಧ್ಯಾಹ್ನದ ಬಿಸಿಲಿಗೆ ಬೆಟ್ಟದ ಅಂಚು ಸಣ್ಣಗೆ ಅಲ್ಲಾಡುತ್ತಿತ್ತು, ಉಸಿರಾಡಿದ ಹಾಗೆ. ರಾಮಸಮುದ್ರದಿಂದ ಬಸ್ಸು ಹಿಡಿದು ಕೆಲಸಕ್ಕೆ ಬರುತ್ತಿದ್ದ ನನಗೆ ಅದನ್ನು ನೋಡಿದರೆ ತೂಕಡಿಕೆ. ಆಪಾ ಬೈಯುತ್ತಿರಲಿಲ್ಲ. "ಮಲ್ಕೋ ತಂಗಿ, ಗುಡ್ಡಾನೂ ಮಲಗೈತಿ," ಎಂದು ನಕ್ಕು ಚಹಾ ತರಲು ಹೋಗುತ್ತಿದ್ದರು.

ಉಳಿದೆಲ್ಲದರಲ್ಲೂ ಸಡಿಲ; ಒಂದರಲ್ಲಿ ಮಾತ್ರ ಮಹಾ ಹಟಮಾರಿ. ಯಾವ ಪ್ರೋಗ್ರಾಮೂ ಒಂಟಿಯಾಗಿ ನಿಲ್ಲುವುದಿಲ್ಲ. ಯಾರೋ ಎಲ್ಲೋ ಬರೆದಿಟ್ಟ ನೂರಾರು ತುಣುಕುಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಅವುಗಳ ಮೇಲೆ ನಮ್ಮದನ್ನು ಕಟ್ಟುತ್ತೇವೆ. ಬರೆದವರು ಅವನ್ನು ತಿದ್ದುತ್ತಲೇ ಇರುತ್ತಾರೆ, ಒಮ್ಮೊಮ್ಮೆ ಅಳಿಸಿಯೂ ಬಿಡುತ್ತಾರೆ. ಅದಕ್ಕೇ ಆಪಾ ಇಳಿಸಿಕೊಂಡ ಪ್ರತಿ ತುಣುಕನ್ನೂ, ಆವತ್ತು ಇದ್ದ ಹಾಗೆಯೇ, ಒಂದು ಹಾರ್ಡ್‌ಡಿಸ್ಕಿನಲ್ಲಿ ಕಾಪಿಡುತ್ತಿದ್ದರು. ಅದನ್ನು ನಾವು ಸಂದೂಕ ಎನ್ನುತ್ತಿದ್ದೆವು. ಕೆಲಸ ಮುಗಿಯಿತು ಅನ್ನಿಸಿದಾಗ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಇಂಟರ್ನೆಟ್ ವಯರ್ ಕಿತ್ತು, ಸಂದೂಕವೊಂದರಿಂದಲೇ ಮೊದಲಿನಿಂದ ಕಟ್ಟಿಸುತ್ತಿದ್ದರು. ಹಿಂದಿನ ಸಲ ಕಟ್ಟಿದ್ದಕ್ಕೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸ ಇರಬಾರದು.

"ಇವತ್ತ ಕಟ್ಟಿದ್ದು ನಾಳಿ ಹಂಗೇ ಕಟ್ಟಾಕ ಬರಬೇಕು ತಂಗಿ. ಇಲ್ಲಾಂದ್ರ ಅದು ನಸೀಬು, ಕೆಲಸಲ್ಲ," ಅನ್ನುತ್ತಿದ್ದರು.

ಹತ್ತಿ ಗಿರಣಿಗಳಿಗೆ ತೂಕದ ಪ್ರೋಗ್ರಾಮು ಬರೆದು ನಮ್ಮ ಹೊಟ್ಟೆ ನಡೆಯುತ್ತಿತ್ತು. ಸುರಪುರದ ಮಾಸ್ತರರ ಕೆಲಸ ಹೊಟ್ಟೆಪಾಡಿನದಲ್ಲ. ಆಪಾ ಅವರಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು ಅವರು. ಗಂಟಲಿನ ಕ್ಯಾನ್ಸರು, ಆಪರೇಶನ್ ಆದರೆ ಮಾತು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಆಪಾ ಮೈಕು ಹಿಡಿದು ಅವರ ಮನೆಗೆ ಹೋದರು. ಮಾಸ್ತರರು ಟೈಪು ಮಾಡಿದ್ದನ್ನು ಅವರದೇ ದನಿಯಲ್ಲಿ ಆಡುವ ಟ್ಯಾಬ್ಲೆಟ್ಟು ಮಾಡಿಕೊಡಬೇಕು. ಅದಕ್ಕೆ ಮಾಸ್ತರರು ಹಳೆಯ ಪ್ರಶ್ನೆಪತ್ರಿಕೆ ಓದಿದರು, ಮದುವೆ ಕಾರ್ಡು ಓದಿದರು. ಕೊಡೇಕಲ್, ವನದುರ್ಗ ಎಂದು ಊರ ಹೆಸರು ಹೇಳುತ್ತ ಹೋದರು. ಹೊರಗೆ ಆಡು ಕೂಗಿದರೆ ನಿಲ್ಲಿಸುತ್ತಿದ್ದೆವು. ಬೇಸರವಾದಾಗ ಅವರು ಆಪಾ ಕಡೆ ತಿರುಗಿ, "ಏಯ್, ಕಿಟಕ್ಯಾಗ ಏನ್ ನೋಡಾಕತ್ತೀ?" ಎಂದು ಸುಳ್ಳುಸುಳ್ಳೇ ಗದರುತ್ತಿದ್ದರು. ಅದನ್ನೂ ಹಿಡಿದಿಟ್ಟುಕೊಂಡೆವು. ಆಪರೇಶನ್ ಮುಗಿಸಿ ಮನೆಗೆ ಬಂದ ದಿನ ಟ್ಯಾಬ್ಲೆಟ್ಟು ಮಾಸ್ತರರ ದನಿಯಲ್ಲಿ ಮಾತಾಡಿತು.

ಮುಂದೆ ಒಂದು ದಿನ ಆ ಟ್ಯಾಬ್ಲೆಟ್ಟು ಕೆಟ್ಟಿತು. ಹೊಸದಕ್ಕೆ ಮತ್ತೆ ಕಟ್ಟಬೇಕಾಯಿತು. ಸಂದೂಕ ತೆಗೆದು ಕಟ್ಟಲು ಹೋದರೆ ಒಂದು ತುಣುಕು ಇಲ್ಲ! ಮಾತಿನ ನಡುವೆ ಉಸಿರು ಎಷ್ಟು ಹೊತ್ತು ನಿಲ್ಲಬೇಕೆಂದು ಲೆಕ್ಕ ಹಾಕುವ ಸಣ್ಣ ತುಣುಕು ಅದು. ಇಂಟರ್ನೆಟ್ಟಿನಲ್ಲಿ ಹಳೆಯದು ಇರಲಿಲ್ಲ, ತಿದ್ದಿದ ಹೊಸದು ಇತ್ತು. ಅದನ್ನೇ ಹಾಕಿ ಕಟ್ಟಿಕೊಂಡು ಸುರಪುರಕ್ಕೆ ಹೋದೆವು. ಮಾಸ್ತರರು ಏನೋ ಟೈಪು ಮಾಡಿದರು. ಟ್ಯಾಬ್ಲೆಟ್ಟು ಮಾತಾಡಿತು. ಆ ದನಿ ಕಿವಿಗೆ ಬಿದ್ದು, ಅಡುಗೆಮನೆಯಿಂದ ಅವರ ಹೆಂಡತಿ ಕೇಳಿದರು:

"ಯಾರ್ರಿ ಬಂದವರು?"

ಮಾಸ್ತರರು ಟ್ಯಾಬ್ಲೆಟ್ಟನ್ನು ಮಗುಚಿ ಇಟ್ಟರು. ಮತ್ತೆ ಮುಟ್ಟಲಿಲ್ಲ.

ಶಹಾಪುರದಲ್ಲಿ ಬಸ್ಸಿಳಿದ ಮೇಲೆ ಆಪಾ, "ಗಲತಿ ನಂದೇ ಐತಿ. ಆಪರೇಶನ್ ಹತ್ರ ಬಂದಿತ್ತು, ಗಡಿಬಿಡ್ಯಾಗ ಮಷೀನ್ ಅಳಸಲೇ ಇಲ್ಲ," ಎಂದರು. ಆ ಕಂಪ್ಯೂಟರಿನಲ್ಲಿ ಹಿಂದೆ ಸುಮ್ಮನೆ ಪರೀಕ್ಷಿಸಲು ತಂದು ಸಂದೂಕಕ್ಕೆ ಹಾಕದೆ ಬಿಟ್ಟಿದ್ದ ಆ ತುಣುಕು ಮೊದಲೇ ಬಿದ್ದಿತ್ತು. ವಯರ್ ಕಿತ್ತು ಕಟ್ಟಿದಾಗ ಅದು ಅಲ್ಲಿಂದಲೇ ಸೇರಿಕೊಂಡಿದ್ದರಿಂದ, ಸಂದೂಕದಲ್ಲಿ ಇಲ್ಲವೆಂಬುದು ಗೊತ್ತೇ ಆಗಿರಲಿಲ್ಲ.

ಆ ಕಂಪ್ಯೂಟರನ್ನು ಆಪಾ ಆಮೇಲೆ ಯಾದಗಿರಿಯಲ್ಲಿದ್ದ ತಮ್ಮ ಅಕ್ಕನಿಗೆ ಕೊಟ್ಟಿದ್ದರು. ಬೆಳಗಾಗುತ್ತಲೇ ಓಡಿದೆವು. ಪುಣ್ಯಕ್ಕೆ ಅಕ್ಕ ಅದಕ್ಕೆ ಹೂವಿನ ಬಟ್ಟೆ ಹೊದಿಸಿ ಟಿವಿ ಪಕ್ಕ ಇಟ್ಟುಬಿಟ್ಟಿದ್ದರು, ಯಾರೂ ಮುಟ್ಟಿರಲಿಲ್ಲ. ತುಣುಕು ಸಿಕ್ಕಿತು. ಆಪಾ ಅದನ್ನು ಸಂದೂಕಕ್ಕೆ ಸೇರಿಸಿ, ಎಲ್ಲ ಅಳಿಸಿ, ವಯರ್ ಕಿತ್ತು ಕಟ್ಟಿದರು.

ಮತ್ತೆ ಸುರಪುರ. ಮಾಸ್ತರರು ಅಳುಕುತ್ತಲೇ ಅಕ್ಷರ ಒತ್ತಿದರು. "ಚಾ ಇಡ್ತಿ ಏನು?" ಎಂದಿತು ಟ್ಯಾಬ್ಲೆಟ್ಟು.

"ಇಟ್ಟೇನ್ರಿ, ಜರಾ ತಡೀರಿ," ಎಂದು ಒಳಗಿನಿಂದ ಉತ್ತರ ಬಂತು.

ಆಪಾ ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದ ಆಪಾ ಏಳಲಿಲ್ಲ. ಮಣ್ಣಿಗೆ ಬಂದಿದ್ದ ಮಾಸ್ತರರು ಅಂಗಳದಲ್ಲಿ ನಿಂತು, "ನನ್ನ ಮಗಳಿದ್ದಂಗ ಇದ್ಲು," ಎಂದು ಅದೇ ದನಿಯಲ್ಲಿ ಹೇಳಿದರು. ಅವರ ಟ್ಯಾಬ್ಲೆಟ್ಟು ಈಗ ನನ್ನ ಜವಾಬ್ದಾರಿ. ನನಗೆ ಗೊತ್ತಿರುವ ಕೆಲಸವೆಲ್ಲ ಆಪಾ ಕಲಿಸಿದ್ದು.

ಮೊನ್ನೆ ಆಪಾ ಅವರ ತಾಯಿ, ಅಮ್ಮೀಜಾನ್, ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬಂದರು. ನನ್ನ ಪಕ್ಕ ಕೂತು, "ಎಲ್ಲಾರ ದನಿ ಹಿಡಿದಿಡ್ತಿದ್ರೆಲ್ಲ ಬೇಟಿ, ಆಕಿದು ಎಲ್ಲಿಟ್ಟೀರಿ? ಒಂದ್ಸಲ ಕೇಳಸವಾ," ಎಂದರು.

ಫೋನಿನಲ್ಲಿ ಆಪಾ ಯಾವಾಗಲೂ ಟೈಪೇ ಮಾಡುತ್ತಿದ್ದರು, ದನಿಯ ಮೆಸೇಜು ಒಂದೂ ಇರಲಿಲ್ಲ. ಅಮ್ಮೀಜಾನ್ ಕಾಯುತ್ತ ಕೂತಿರುವಂತೆಯೇ ನಾನು ಸಂದೂಕದಲ್ಲಿದ್ದ ಮಾಸ್ತರರ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಹಚ್ಚಿದೆ. ಮಾಸ್ತರರು ತಡವರಿಸಿದಾಗಲೆಲ್ಲ "ಇನ್ನೊಮ್ಮಿ ಓದ್ರಿ ಸರ್" ಎಂದು ಆಪಾ ಮೆಲ್ಲಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅಂಥ ಜಾಗ ಬಂದಾಗಲೆಲ್ಲ ಕಿವಿಗೊಟ್ಟೆವು. ಮಾಸ್ತರರ ದನಿ ಚೊಕ್ಕಟವಾಗಿ ಬರಲಿ ಎಂದು, ಆ ಮಾತುಗಳನ್ನೆಲ್ಲ ಆಪಾ ತಾವೇ ಕತ್ತರಿಸಿ ತೆಗೆದಿದ್ದರು.