ಎಡಕ್ಕೆ ಬಡಿಸಿದ ಚಟ್ನಿ

ಅಂದು ಮಧ್ಯಾಹ್ನ ನಮ್ಮ ಅಡಿಗೆಮನೆಯಲ್ಲಿ ನಾಲ್ವರಿದ್ದೆವು. ಗೋಡೆಗೆ ಒರಗಿ ಊಟಕ್ಕೆ ಕೂತ ಆಯಿ, ಅಂದರೆ ಅಪ್ಪನ ತಾಯಿ, ಬಡಿಸುವ ಅವ್ವ, ನಿಪ್ಪಾಣಿಯಿಂದ ಬೆಳಗಿನ ಬಸ್ಸಿಗೆ ಬಂದ, ಆಯಿಯ ಒಬ್ಬಳೇ ಮಗಳಾದ ಅತ್ತೆ, ಮತ್ತೆ ಕಾಲೇಜಿಗೆ ರಜೆಯಿದ್ದ ನಾನು. ಅಥಣಿ ಕಡೆಯ ಊರು ನಮ್ಮದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಬ್ಬಿನ ಗಾಣದಲ್ಲಿ ಬೆಲ್ಲ ಕುದಿಯುವ ವಾಸನೆ ಮನೆಯೊಳಗೆಲ್ಲ.

ಆಯಿಗೆ ಲಕ್ವಾ ಹೊಡೆದು ಎರಡು ತಿಂಗಳು. ಎಡಗೈ, ಎಡಗಾಲು ನಿಧಾನಕ್ಕೆ ಜೀವ ಹಿಡಿದಿದ್ದವು. ಮಾತು ಮೊದಲಿನಷ್ಟೇ ಖಡಕ್. ಯಾರ ಮದುವೆಯಲ್ಲಿ ಯಾವ ಬೀಗರು ಸಿಟ್ಟಿಗೆದ್ದು ಹೋದರು ಎಂಬುದೂ ನೆನಪಿತ್ತು. ಆದರೆ ಎಡಗಡೆ ಎಂಬುದೇ ಅವಳ ಪಾಲಿಗೆ ಇಲ್ಲವಾಗಿತ್ತು. ತಲೆಯ ಬಲಭಾಗವನ್ನಷ್ಟೇ ಬಾಚಿಕೊಂಡು, "ಆತು, ಹೆರಳ ಹಾಕ" ಅನ್ನುವಳು.

ಮಿರಜದ ಡಾಕ್ಟರು ಹೇಳಿದ್ದರು, "ಕಣ್ಣು ಛಲೋ ಅದಾವ್ರಿ. ಮೆದುಳು ಎಡಕ್ಕ ಲಕ್ಷ್ಯ ಕೊಡವಲ್ದು. ಎಲ್ಲಾ ಬಲಕ್ಕ ತಂದು ಕೊಡಬ್ಯಾಡ್ರಿ, ಅವರೇ ಹುಡುಕ್ಲಿ."

ನಮ್ಮಲ್ಲಿ ಉಪ್ಪು, ಚಟ್ನಿ, ಉಪ್ಪಿನಕಾಯಿ ಬಡಿಸುವುದು ತಾಟಿನ ಎಡಕ್ಕೇ. ಜಗಳ ಹುಟ್ಟಿದ್ದು ಅಲ್ಲಿ.

"ಚಟ್ನಿ ಇಲ್ಲೇನ ಈ ಮನ್ಯಾಗ?" ಆಯಿ ಕೇಳಿದಳು.

"ಐತ್ರಿ, ಎಡಕ್ಕ ನೋಡ್ರಿ," ಅಂದಳು ಅವ್ವ.

"ಎಡಕ್ಕ ಏನೈತಿ, ನಿನ್ನ ತಲಿ! ಎರಡು ತಿಂಗಳಾತು, ಬರೇ ಪಲ್ಯ ರೊಟ್ಟಿ."

ಅತ್ತೆಗೆ ತಡೆಯಲಾಗಲಿಲ್ಲ. "ವೈನಿ, ಇತ್ತ ಸರಸಿದ್ರ ಕೈ ಸವೀತಾವೇನ? ನಮ್ಮವ್ವನ್ನ ಆಟಾ ಆಡಸಾಕತ್ತಿ?"

"ಡಾಕ್ಟರ್ ಹೇಳ್ಯಾರವ್ವ."

"ಉಣ್ಣಾಕ ಕೂತಾಕಿ ನಮ್ಮವ್ವ, ಡಾಕ್ಟರ್ ಅಲ್ಲ. ಬರೂ ಅಮಾಸಿಗೆ ಬರ್ತೀನಿ, ಕರ್ಕೊಂಡು ಹೊಕ್ಕೀನಿ."

ಅತ್ತೆ ಹೋದಮೇಲೆ ಓಣಿಯಲ್ಲೆಲ್ಲ ಸುದ್ದಿಯಾಯಿತು, ಸೊಸೆ ಮುದುಕಿಗೆ ಚಟ್ನಿ ಕೊಡುವುದಿಲ್ಲವಂತೆ! ಕಟ್ಟೆಯ ಮೇಲೆ ಕೂತು ಹಬ್ಬಿಸಿದವಳು ಖುದ್ದು ಆಯಿಯೇ. ನನಗೆ ಅಳು ಬಂತು. "ಸರಿಸಿಬಿಡು ಬೇ, ಯಾಕ ಕೆಟ್ಟ ಹೆಸರು?" ಅಂದೆ.

ಅವ್ವ ಹಿಟ್ಟು ನಾದುತ್ತಲೇ ಇದ್ದಳು. "ಚಟ್ನಿ ನಾ ಸರಸ್ತೀನಿ. ಎಡಕ್ಕ ಬಾವಿ ಐತಿ, ಒಲಿ ಐತಿ, ಲಾರಿ ಬರೂ ರೋಡ್ ಐತಿ. ಅವನ್ನ ಯಾರ ಸರಸ್ತಾರ?"

ಆಗಿನ ಕಂಚಿನ ತಾಟಿಗೆ ದಪ್ಪ ದಂಡೆ ಇರುತ್ತಿತ್ತು. ಈಗಿನ ಸ್ಟೀಲಿನವಕ್ಕೆ ಅದೆಲ್ಲಿ? ದಿನಾ ಎರಡು ಹೊತ್ತು ಅವ್ವ ಆಯಿಯ ಬಲಗೈ ಬೆರಳನ್ನು ಆ ದಂಡೆಯ ಮೇಲಿಟ್ಟು, "ಹೊಲದ ಬದು ಹಿಡದು ಹ್ವಾದಂಗ ಹೋಗ್ರಿ, ಕಣ್ಣೂ ಬೆರಳಿನ ಬೆನ್ನ ಹತ್ತಲಿ" ಅನ್ನುವಳು. ಬೆರಳು ಅರ್ಧಕ್ಕೇ ನಿಲ್ಲುವುದು. ಅವ್ವ ಮತ್ತೆ ಮೊದಲಿನಿಂದ ಶುರು ಮಾಡುವಳು. ಬೈಗುಳ ಬೀಳುವುವು. ಹೀಗೇ ವಾರಗಳು ಕಳೆದವು.

ಒಂದಿನ ಆಯಿ ಯಾರೂ ಹೇಳದೆ ಬೆರಳು ಸರಿಸುತ್ತ ಎಡತುದಿಗೆ ಹೋದಳು. ಚಟ್ನಿ ತಾಗಿತು. ಬಗ್ಗಿ ನೋಡಿದಳು, ನೆಕ್ಕಿದಳು.

"ಶೇಂಗಾ ಹಸೇನ ಉಳದಾವಲ್ಲ, ಹುರಿಯಾಕ ಬರೂದಿಲ್ಲೇನ ನಿನಗ?"

ಆ ಬೈಗುಳಕ್ಕೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಅಮಾವಾಸ್ಯೆಗೆ ಅತ್ತೆ ಖಾಲಿ ಚೀಲ ಹಿಡಿದು ಬಂದಳು, ತಾಯಿಯ ಸೀರೆ ತುಂಬಿಕೊಂಡು ಹೋಗಲು. ಆಯಿ ಏಳಲಿಲ್ಲ.

"ನಿನ್ನ ಮನ್ಯಾಗ ಎಲ್ಲಾ ನನ್ನ ಕೈಗೇ ತಂದು ಕೊಡ್ತಿ. ಈಗ ಬರಂಗಿಲ್ಲ. ಪೂರಾ ಆರಾಮಾಗಿ ಬರ್ತೀನಿ."

ಸಂಜೆ ಬಸ್ಸಿಗೆ ಅತ್ತೆ ಒಬ್ಬಳೇ ಹೋದಳು. ಆಯಿ ಅವ್ವನ ಭುಜ ಹಿಡಿದು ರೋಡಿನವರೆಗೆ ನಡೆದು ಕಳಿಸಿ ಬಂದಳು.