ಎಡಗೈಯ ಬಂಗಾರ

ನೀಲಾಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿರಲಿಲ್ಲ. ಬೈಲಹೊಂಗಲದ ಆ ಓಣಿಯಲ್ಲಿ ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತವರಿಗೆ ಅವಳು ರೊಟ್ಟಿ ಬಡಿಯುವ ಸಪ್ಪಳವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಸಮಾಧಾನದ ದಿನ ಅದು ಮೆತ್ತಗೆ, ಒಂದೇ ಹದದಲ್ಲಿ ಕೇಳುತ್ತಿತ್ತು. ಸಿಟ್ಟಿನ ದಿನ ಗೋಡೆಯಾಚೆ ಬಿಬಿಜಾನಳ ಅಡುಗೆಮನೆಯ ಡಬ್ಬಿಗಳೂ ಅಲುಗುತ್ತಿದ್ದವು. ತಮಾಷೆಯೆಂದರೆ ಸಿಟ್ಟಿನ ದಿನದ ರೊಟ್ಟಿಗೇ ಗಿರಾಕಿ ಹೆಚ್ಚು. ಆ ಪೆಟ್ಟಿಗೆ ರೊಟ್ಟಿ ಅಷ್ಟು ತೆಳ್ಳಗೆ, ಅಷ್ಟು ಅಗಲ ಬರುತ್ತಿತ್ತು. ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಮಾರಲು ಉಗರಗೋಳದ ಅಂಗಡಿಯವರು ಅವಳಿಂದಲೇ ಖಡಕ್ ರೊಟ್ಟಿ ತರಿಸುತ್ತಿದ್ದರು. ರೊಟ್ಟಿಯ ಗಂಟು ಇಳಿಸುವ ಅವಳ ಗಂಡ ಸಂಜುವಿಗೆ, ಬರುವ ಮೊದಲು ಮನೆಯಲ್ಲಿ ಸಣ್ಣದೊಂದು ಜಗಳ ತೆಗೆದು ಬಾರಪ್ಪ ಎಂದು ಚೇಷ್ಟೆ ಮಾಡುತ್ತಿದ್ದರು. ಸಂಜು ಟಂಟಂ ಆಟೋ ಓಡಿಸಿಕೊಂಡಿದ್ದವನು, ಜಗಳ ಅವನ ಜಾಯಮಾನವಲ್ಲ.

ಈ ವರ್ಷ ಅವನು ಜಗಳ ತೆಗೆಯುವ ಗರಜೂ ಬೀಳಲಿಲ್ಲ. ಮಳೆಗಾಲ ಹಿಡಿದಾಗಿನಿಂದ ದಸರೆಯವರೆಗೆ ನೀಲಾಳ ಒಂದು ರೊಟ್ಟಿಯೂ ದಪ್ಪಗೆ ಬಂದಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಅವಳ ಒಬ್ಬಳೇ ಮಗಳು ಸುವಾರ್ತಾ ಎಡಚಿ. ಎರಡನೇ ತರಗತಿಯಲ್ಲಿ ಅನ್ನಪೂರ್ಣಾ ಟೀಚರ್ ಆ ಎಡಗೈಯನ್ನು ಬಿಡಿಸುತ್ತೇನೆಂದು ಪಣ ತೊಟ್ಟವರಂತೆ ಮೊದಲು ಗದರಿದರು, ಆಮೇಲೆ ಕೈಯನ್ನು ರಿಬ್ಬನ್ನಿನಿಂದ ಬೆಂಚಿಗೆ ಕಟ್ಟಿಸಿದರು, ಕೊನೆಗೆ ಒಂದು ದಿನ ಕಬ್ಬಿಣದ ಪಟ್ಟಿಯ ಅಂಚಿನಿಂದ ಹೊಡೆದರು. ಕಿರುಬೆರಳಿನ ಗಿಣ್ಣು ಒಡೆಯಿತು. ವಾಸಿಯಾದ ಮೇಲೂ ಬೆರಳು ಹೊರಗೆ ಸೊಟ್ಟಾಗಿಯೇ ಉಳಿಯಿತು.

ಆ ದಿನ ನೀಲಾ ಕೈಯ ಹಿಟ್ಟನ್ನೂ ತೊಳೆಯದೆ ಶಾಲೆಗೆ ಓಡಿದ್ದಳು. ಮುಖ್ಯಾಧ್ಯಾಪಕರು ಚಹಾ ತರಿಸಿದರು. ಈ ಊರಿನಲ್ಲಿ ಯಾವ ಅನ್ಯಾಯಕ್ಕೂ ಮೊದಲು ಸಿಗುವ ಔಷಧಿ ಅದು. ಅನ್ನಪೂರ್ಣಾ ಟೀಚರ್ ಮಾತ್ರ ತಪ್ಪು ಮಾಡಿದವರ ಹಾಗೆ ಕಾಣಲೇ ಇಲ್ಲ.

"ನಾ ಒಳ್ಳೇದಕ್ಕ ಹೊಡದೇನಿ," ಎಂದರು. "ಹೆಣ್ಣ ಹುಡುಗಿ. ನಾಳೆ ಗಂಡನ ಮನ್ಯಾಗ ಎಡಗೈಲೆ ಬಡಸತಾಳೇನು?"

ನೀಲಾ ಚಹಾದ ಕಪ್ಪನ್ನು ಮುಟ್ಟಲಿಲ್ಲ. ಮಗಳ ಪಾಟೀಚೀಲ ಹೆಗಲಿಗೆ ಹಾಕಿಕೊಂಡು, ಇವಳಿಗೆ ಕಲಿಸುವುದಕ್ಕೆ ನಾನೇ ಸಾಕು ಎಂದು ಹೇಳಿ ಹೊರಬಿದ್ದಳು. ಬೇರೆ ಶಾಲೆಗೆ ಹಾಕೋಣವೆಂದು ಸಂಜು ರಾತ್ರಿ ಮೆಲ್ಲಗೆ ಅಂದು ನೋಡಿದ. ಬೇರೆ ಶಾಲೆಯಲ್ಲಿ ಪಟ್ಟಿ ರಬ್ಬರಿನದಿರುತ್ತದೇನು ಎಂದು ಅವಳು ಕೇಳಿದ ಮೇಲೆ ಅವನು ಆ ಮಾತು ಎತ್ತಲಿಲ್ಲ.

ಹೀಗೆ ರೊಟ್ಟಿ ಒಲೆಯ ಪಕ್ಕದಲ್ಲೇ ಶಾಲೆ ಶುರುವಾಯಿತು. ಪಿಯುಸಿ ಓದಿದ್ದ ನೀಲಾ ಮೊದಲು ಚರ್ಚಿನ ಭಾನುವಾರದ ಶಾಲೆಯಲ್ಲಿ ಕಲಿಸಿದವಳು. ಅಜ್ಜನ ಕಾಲದಿಂದ ಅವರದು ಕ್ರೈಸ್ತ ಮನೆತನ, ಚರ್ಚಿನ ಚಿತ್ರದ ಹಾಳೆಗಳು ಟ್ರಂಕಿನ ತುಂಬ ಇದ್ದವು. ದೊಡ್ಡ ಪರಾತದಲ್ಲಿ ಜೋಳದ ಹಿಟ್ಟು ಹರಡಿದರೆ ಅದೇ ಪಾಟಿ. ಸುವಾರ್ತಾ ಎಡಗೈಯ ಬೆರಳಿನಿಂದ ಅಕ್ಷರ ತೀಡುತ್ತಿದ್ದಳು, ಅವ್ವ ನೋಡಿದ ಮೇಲೆ ಅಂಗೈಯಿಂದ ಸವರಿ ಇನ್ನೊಂದು ಬರೆಯುತ್ತಿದ್ದಳು. ಬಿದಿರಿನ ಬುಟ್ಟಿಯ ರೊಟ್ಟಿಯೇ ಗಣಿತ. ನಡುನಡುವೆ ಬೈಬಲ್ಲಿನ ವಾಕ್ಯದ ಪಾಠ. ತಪ್ಪಿಸಿಕೊಂಡ ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿದಾಗ, ಉಳಿದ ಕುರಿಗಳ ಹತ್ತಿರ ಯಾರಿದ್ದರು ಎಂದು ಹುಡುಗಿ ಕೇಳಿದಳು. ನಾಯಿ ಇತ್ತು ಎಂದುಬಿಟ್ಟಳು ನೀಲಾ.

ಅವಳಿಗೆ ಎಲ್ಲಕ್ಕಿಂತ ಪ್ರೀತಿಯ ಪಾಠ ಇನ್ನೊಂದಿತ್ತು. ಹಳೆಯ ಕಾಲದಲ್ಲಿ ದೇವರು ತನ್ನ ಜನರನ್ನು ಬಿಡಿಸಲು ಆರಿಸಿದ ಒಬ್ಬ ವೀರ ಎಡಚ. ಎಡಗೈಯಿಂದಲೇ ಕತ್ತಿ ಹಿರಿದು, ಕೊಬ್ಬಿದ ರಾಜನ ಹೊಟ್ಟೆಗೆ ಇರಿದ. ನೀಲಾ ಇದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು, ಹೇಳುವಾಗ ಹಿಟ್ಟಿನ ಮುದ್ದೆಗೆ ಬೀಳುವ ಪೆಟ್ಟು ಬೇರೆಯೇ ಇರುತ್ತಿತ್ತು. ಏಳು ವರ್ಷದ ಕೂಸಿಗೆ ಇರಿಯುವ ಕಥೆ ಬೇಕೇ ಎಂದು ಸಂಜು ಒಮ್ಮೆ ಕೇಳಿ, ಹೆಂಡತಿಯ ಮುಖ ನೋಡಿ, ಟಂಟಂ ಒರೆಸಲು ಹೊರಗೆ ಹೋದ.

ಪಾಠವೇನೋ ಚೆನ್ನಾಗಿ ನಡೆದಿತ್ತು. ಹುಡುಗಿ ಚುರುಕು. ಆದರೆ ನೀಲಾ ತನಗೇ ಗೊತ್ತಿಲ್ಲದೆ ಇನ್ನೊಂದು ಪಾಠವನ್ನೂ ದಿನಾ ನಡೆಸುತ್ತಿದ್ದಳು. ರೊಟ್ಟಿಗೆ ಯಾರೇ ಬರಲಿ, ಖಾನಾವಳಿಯವರಿರಲಿ, ಪ್ಯಾಟಿಯ ಹಮಾಲರಿರಲಿ, ಮಗಳ ಎಡಗೈ ಹಿಡಿದೆತ್ತಿ ತೋರಿಸುತ್ತಿದ್ದಳು. ಈ ಬೆರಳು ನೋಡಿರಿ, ಈ ಕೈಗಾಗಿ ಶಾಲೆ ಬಿಡಿಸಿದೆ, ಈ ಕೈಗಾಗಿ ಇಡೀ ಶಾಲೆಯನ್ನು ಎದುರು ಹಾಕಿಕೊಂಡೆ. ಬಂದವರು ಚಚ್‌ಚಚ್ ಎಂದು ಲೊಚಗುಟ್ಟಿ, ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಸುವಾರ್ತಾ ಕೈ ಬಿಡಿಸಿಕೊಂಡು ಸುಮ್ಮನೆ ಪರಾತದ ಮುಂದೆ ಕೂತುಕೊಳ್ಳುತ್ತಿದ್ದಳು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ದಿನದ ಮೊದಲ ರೊಟ್ಟಿಗೆ ಹಿಟ್ಟು ಕಲೆಸುವ ಮುನ್ನ ಒಂದು ಹಿಡಿ ಹಿಟ್ಟನ್ನು ದೇವರ ಡಬ್ಬಿಗೆ ಹಾಕಬೇಕು. ನೀಲಾಳ ತಾಯಿ ಹಾಕುತ್ತಿದ್ದಳು, ಅವಳ ತಾಯಿಯೂ ಹಾಕುತ್ತಿದ್ದಳು. ಭಾನುವಾರ ಆ ಹಿಟ್ಟನ್ನು ಚರ್ಚಿಗೆ ಒಯ್ದರೆ ಅದು ಒಲೆ ಹೊತ್ತದ ಮನೆಗಳಿಗೆ ಹೋಗುತ್ತಿತ್ತು. ನೀಲಾಳ ಹಿಡಿಯ ಮೇಲೆ ಮಗಳು ತನ್ನದೊಂದು ಪುಟ್ಟ ಹಿಡಿ ಹಾಕುತ್ತಿದ್ದಳು.

ದಸರೆ ನಾಲ್ಕೈದು ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಕಾಣಿಕೆಯ ಪಾಠ ಬಂತು. ಕಾಣಿಕೆ ಹಿಡಿದುಕೊಂಡು ದೇವರ ಮುಂದೆ ನಿಂತಾಗ, ಯಾರಿಗಾದರೂ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗು, ಮೊದಲು ಅವರೊಂದಿಗೆ ಒಂದಾಗು, ಆಮೇಲೆ ಬಂದು ಕೊಡು ಎಂದು ಯೇಸುಸ್ವಾಮಿ ಹೇಳಿದ ಪಾಠ. ಹಂಚಿನ ಮೇಲಿನ ರೊಟ್ಟಿ ತಿರುವುತ್ತ ನೀಲಾ ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದಳು. ಮರುದಿನ ಡಬ್ಬಿಯ ಮುಚ್ಚಳ ತೆಗೆದರೆ, ಮಗಳು ಅದರ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಹಾಕಬ್ಯಾಡವ್ವ. ನಮ್ಮದು ಟೀಚರ್ ಜೋಡಿ ಜಗಳ ಐತೆಲ್ಲ. ಅದು ಮುಗಿಯೂತನಾ ಹಾಕಬಾರದಂತ ನೀನ ಹೇಳಿದಿ."

ನೀಲಾಳಿಗೆ ಸರ್ರನೆ ಸಿಟ್ಟು ಏರಿತು. ಇದು ಬೇರೆ, ಅದು ಬೇರೆ ಎಂದಳು. ಹೇಗೆ ಬೇರೆ ಎಂದು ಮಗಳು ಕೇಳಿದಳು. ಪಾಠವೇ ತಪ್ಪು ಎನ್ನುವಂತಿಲ್ಲ, ಮಗುವಿನ ಕೈ ತಳ್ಳಿ ಹಿಟ್ಟು ಹಾಕುವಂತೆಯೂ ಇಲ್ಲ. ಹಿಡಿಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಬೀಸಿ ಒಗೆದಳು. ಅಂದಿನಿಂದ ಡಬ್ಬಿಗೆ ಹಿಟ್ಟು ಬೀಳಲಿಲ್ಲ. ಭಾನುವಾರ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಚರ್ಚಿಗೆ ಹೋದಳು. ಎಲ್ಲರೂ ಕಾಣಿಕೆ ತಂದಿಡುವಾಗ ಬರಿಗೈಯಲ್ಲಿ ಕೂತ ಅವಳಿಗೆ ಅನ್ನಪೂರ್ಣಾ ಟೀಚರ್ ಮೇಲೆ ಹೊಸದಾಗಿ ಸಿಟ್ಟು ಬಂತು. ಮಗಳ ಬೆರಳು ಸಾಲದೆಂದು ದೇವರ ಮುಂದೆ ತನ್ನ ಮರ್ಯಾದೆಯನ್ನೂ ತೆಗೆದಳಲ್ಲ ಎನ್ನಿಸಿತು.

ವಿಜಯದಶಮಿ ಬಂತು. ಆ ಸಂಜೆ ಊರಿಗೆ ಊರೇ ಬನ್ನಿಯ ಎಲೆ ಹಿಡಿದುಕೊಂಡು ಮನೆಮನೆ ತಿರುಗುತ್ತದೆ. ಆ ಎಲೆಗೆ ಅಂದು ಬಂಗಾರವೆಂದೇ ಹೆಸರು. ವರ್ಷವಿಡೀ ಮಾತು ಬಿಟ್ಟವರೂ ಬಂಗಾರ ಕೊಟ್ಟು ಮಾತಿಗೆ ಬರುತ್ತಾರೆ. ನೀಲಾಳ ಮನೆಯವರು ಬನ್ನಿ ಮುಡಿಯುವವರಲ್ಲ, ಅದು ಗಿಡದ ಪೂಜೆ ಎಂದು ಅವಳ ಅಪ್ಪ ಬಿಟ್ಟಿದ್ದ. ಗೋಡೆಯಾಚೆಯ ಬಿಬಿಜಾನ ಮಾತ್ರ ಪ್ರತಿ ವರ್ಷ ಬುಟ್ಟಿ ತುಂಬ ಬನ್ನಿ ತರಿಸಿ ಓಣಿಗೆಲ್ಲ ಹಂಚುತ್ತಿದ್ದಳು. ಜಗಳವಾಡಿದವರು ಇವತ್ತು ಕೂಡುತ್ತಾರೆ ಎಂದು ಸುವಾರ್ತಾಳಿಗೆ ಹೇಳಿದವಳೂ ಅವಳೇ.

ದೀಪ ಹಚ್ಚುವ ಹೊತ್ತಿಗೆ ಹುಡುಗಿ ಮನೆಯಲ್ಲಿರಲಿಲ್ಲ. ಹಬ್ಬದ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ನೀಲಾ ಒಳಗೆ ಹೊರಗೆ ಕೂಗಿದಳು. ಬಿಬಿಜಾನ ಗೋಡೆಯ ಮೇಲಿಂದ ಇಣುಕಿ, ನಿನ್ನ ಮಗಳು ನನ್ನಿಂದ ಒಂದು ಎಸಳು ಬನ್ನಿ ಇಸಿದುಕೊಂಡು ಹೋದಳು, ಟೀಚರ ಮನೆ ಹಿಂದಿನ ಓಣಿಯಲ್ಲೇ ಅಲ್ಲವೇ ಎಂದು ಕೇಳುತ್ತಿದ್ದಳು ಎಂದಳು. ನೀಲಾ ಎರಡನೇ ಸಲ ಕೈಯ ಹಿಟ್ಟು ತೊಳೆಯದೆ ಓಡಿದಳು. ದಾರಿಯುದ್ದಕ್ಕೂ ಬಯ್ಗುಳಗಳನ್ನು ಹೊಂದಿಸಿಕೊಂಡೇ ಹೋದಳು. ಇವತ್ತು ಹಬ್ಬವೆಂದೂ ನೋಡುವುದಿಲ್ಲ, ಅವರ ಬೀಗರು ಬಿಜ್ಜರ ಮುಂದೆಯೇ ಎಲ್ಲವನ್ನೂ ಬಿಚ್ಚಿಡುತ್ತೇನೆ ಎಂದುಕೊಂಡಳು.

ಅನ್ನಪೂರ್ಣಾ ಟೀಚರ ಕಟ್ಟೆಯ ಮೇಲೆ ಜನ ತುಂಬಿದ್ದರು. ಸುವಾರ್ತಾ ಮೆಟ್ಟಿಲ ಕೆಳಗೆ ನಿಂತಿದ್ದಳು. ಬನ್ನಿಯ ಎಸಳನ್ನು ಬಲಗೈಯಲ್ಲಿ ಮುಂದೆ ಚಾಚಿದ್ದಳು. ಎಡಗೈಯನ್ನು ಬೆನ್ನ ಹಿಂದೆ ಒಯ್ದು ಫ್ರಾಕಿನ ನಿರಿಗೆಯಲ್ಲಿ ಮುಚ್ಚಿಕೊಂಡಿದ್ದಳು.

"ತಪ್ಪಾತ್ರಿ ಟೀಚರ್," ಎನ್ನುತ್ತಿದ್ದಳು ಹುಡುಗಿ. "ನನ್ನ ಕೈ ಸಲುವಾಗಿ ಜಗಳಾತು. ಇನ್ನ ಮ್ಯಾಲೆ ಈ ಕೈಲೆ ಬರೀತೇನಿ. ಬಂಗಾರ ತೊಗೋರಿ."

ನೀಲಾ ನಿಂತಲ್ಲೇ ನಿಂತಳು. ಹೊಡೆಸಿಕೊಂಡವಳು ಹೊಡೆದವಳ ಮುಂದೆ ತಪ್ಪಾಯಿತೆಂದು ನಿಂತಿದ್ದಾಳೆ. ಇದನ್ನು ಯಾರು ಕಲಿಸಿದರು? ಟೀಚರ್ ಅಲ್ಲ, ಅವರ ಪಟ್ಟಿಯಿಂದಲೂ ಇದು ಆಗಿರಲಿಲ್ಲ. ಬಂದವರಿಗೆಲ್ಲ ಆ ಕೈ ಎತ್ತಿ ತೋರಿಸಿ, ಈ ಕೈಗಾಗಿ, ಈ ಕೈಗಾಗಿ ಎಂದು ದಿನಾ ಬಾಯಿಪಾಠ ಮಾಡಿಸಿದವಳು ತಾನು. ಎಲ್ಲ ಜಗಳದ ಮೂಲ ತನ್ನ ಕೈಯೇ ಎಂದು ಕೂಸು ತಿಳಿದುಕೊಂಡಿತ್ತು. ಇಷ್ಟು ದಿನ ಒಂದೇ ದಿಕ್ಕಿಗೆ ಹರಿದ ಸಿಟ್ಟು ಈಗ ತಿರುಗಿ ತನ್ನ ಎದೆಗೇ ಬಂದು ಬಡಿಯಿತು. ಹಾಗೆಂದು ಟೀಚರ ಮೇಲಿನದು ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಅನ್ನಪೂರ್ಣಾ ಟೀಚರ್ ಎಲೆ ತೆಗೆದುಕೊಳ್ಳಲು ಬಗ್ಗಿದ್ದರು. ಮುಖದಲ್ಲಿ ಗೆದ್ದ ಕಳೆಯೂ ಇತ್ತು. ನೀಲಾ ನಡುವೆ ಹೋಗಿ ಮಗಳ ಬಲಗೈಯಿಂದ ಆ ಎಸಳನ್ನು ಬಿಡಿಸಿಕೊಂಡಳು. ಬೆನ್ನ ಹಿಂದಿನ ಎಡಗೈಯನ್ನು ಮುಂದಕ್ಕೆ ತಂದು, ಸೊಟ್ಟ ಕಿರುಬೆರಳನ್ನು ಬಿಡಿಸಿ, ಎಸಳನ್ನು ಅದರಲ್ಲಿಟ್ಟಳು.

"ಈ ಕೈಲೆ ಕೊಡು," ಎಂದಳು.

ಕಟ್ಟೆಯ ಮೇಲೆ ಕೂತಿದ್ದ ಟೀಚರ ಅತ್ತೆ, ಹಬ್ಬದ ದಿನ ಯಾರಾದರೂ ಎಡಗೈಯಿಂದ ಬಂಗಾರ ಕೊಡುತ್ತಾರೇನವ್ವ ಎಂದರು.

"ನನ್ನ ಮಗಳಿಗೆ ದೇವರು ಕೊಟ್ಟಿದ್ದು ಈ ಕೈರಿ," ಎಂದಳು ನೀಲಾ. ದನಿ ಏರಿಸಲಿಲ್ಲ. "ಬಂಗಾರ ಇದರಾಗ ಐತಿ. ತೊಗೊಳ್ಳೂದಾದ್ರ ತೊಗೋರಿ, ಇಲ್ಲಂದ್ರ ನಾವು ಬರತೇವಿ."

ಟೀಚರ್ ಆ ಬೆರಳನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೋಡಿದವರು ಬೇಗ ಕಣ್ಣು ತೆಗೆಯಲಿಲ್ಲ. "ನಾ ಒಳ್ಳೇದಕ್ಕ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಅತ್ತೆಯ ಕಡೆ ಒಮ್ಮೆ ತಿರುಗಿ ನೋಡಿ, ಕೈ ಮುಂದೆ ಮಾಡಿ ಎಲೆ ತೆಗೆದುಕೊಂಡರು. ತಪ್ಪಾಯಿತು ಎನ್ನಲಿಲ್ಲ. ಬಂಗಾರದ ಹಾಗೆ ಇರೋಣ ಎಂಬ ಹಬ್ಬದ ಮಾತನ್ನು ಹುಡುಗಿಯೇ ಇಬ್ಬರ ಪರವಾಗಿ ಹೇಳಿ ಮುಗಿಸಿದಳು.

ಮನೆಗೆ ಬರುವ ದಾರಿಯಲ್ಲಿ ನೀಲಾ ಮಗಳ ಎಡಗೈಯನ್ನೇ ಹಿಡಿದುಕೊಂಡಿದ್ದಳು. ಸ್ವಲ್ಪ ದೂರ ಬಂದ ಮೇಲೆ ಬಾಯಿ ತೆರೆದಳು.

"ನಿನ್ನ ಕೈದು ಏನೂ ತಪ್ಪಿಲ್ಲ. ನಾ ಹಂಗ ಎಲ್ಲಾರಿಗೂ ತೋರಸಬಾರದಿತ್ತು."

"ಮತ್ತ ತಪ್ಪು ಯಾರದು?"

"ಹೊಡದವರದು."

"ಹಂಗಾರ ಅವರ ನಮ್ಮ ಮನಿಗೆ ಬಂದು ಬಂಗಾರ ಕೊಡಬೇಕಿತ್ತಲ್ಲವ್ವ."

"ಹೂಂ."

"ಬರತಾರೇನು?"

ಗೊತ್ತಿಲ್ಲ ಎಂದಳು ನೀಲಾ. ಅದರಲ್ಲಿ ಸುಳ್ಳು ಇರಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಪರಾತ ಇಟ್ಟುಕೊಂಡು ಹುಡುಗಿ ದೇವರ ಡಬ್ಬಿಯ ಮುಚ್ಚಳ ತಾನೇ ತೆಗೆದಳು. ಎಡಗೈಯಿಂದ ತನ್ನ ಪುಟ್ಟ ಹಿಡಿಯನ್ನು ತುಂಬಿ ಒಳಗೆ ಸುರಿದಳು. ಸೊಟ್ಟ ಬೆರಳಿನ ಸಂದಿಯಿಂದ ಒಂದಿಷ್ಟು ಹೊರಗೆ ಉದುರಿತು. ಅದನ್ನೂ ಬಳಿದು ಹಾಕಿ, ಡಬ್ಬಿಯನ್ನು ಅವ್ವನ ಕಡೆ ಸರಿಸಿದಳು. ನೀಲಾ ಹಿಡಿ ತುಂಬಿಕೊಂಡಳು. ಡಬ್ಬಿಯ ಬಾಯಿಯವರೆಗೂ ಒಯ್ದಳು. ನಿನ್ನೆಯ ಆ ಗೆದ್ದ ಮುಖ ನೆನಪಾಯಿತು. ಹಿಡಿಯನ್ನು ಹಾಗೇ ಹಿಂದಕ್ಕೆ ತಂದು ಪರಾತಕ್ಕೆ ಬಿಟ್ಟಳು.

"ನಿಂದು ಮುಗೀತು. ನಂದು ಇನ್ನೂ ಆಗಿಲ್ಲ," ಎಂದಳು. "ಮುಚ್ಚಳ ಹಾಕು."

ಮಗಳು ಮುಚ್ಚಳ ಹಾಕಿದಳು. ನೀಲಾ ಹಿಟ್ಟಿಗೆ ಬಿಸಿನೀರು ಹೊಯ್ದು ನಾದಿ ಮೊದಲ ರೊಟ್ಟಿಗೆ ಕೈ ಹಚ್ಚಿದಳು. ಗೋಡೆಯಾಚೆ ಬಿಬಿಜಾನ ತನ್ನ ಡಬ್ಬಿಗಳನ್ನು ಹಿಂದಕ್ಕೆ ಸರಿಸಿಟ್ಟಳು. ಅಂದಿನ ರೊಟ್ಟಿಗಳು ಬಹಳ ತೆಳ್ಳಗೆ ಬಂದಿದ್ದವು.